ಕಲೆಯೋ, ಕೆತ್ತನೆಯೋ? ದೊಡ್ಡ ನೆಗೆಟಿವುಗಳ ಒಂದು ಚರಿತ್ರೆ

ಛಾಯಾಚಿತ್ರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕ್ಯಾಮರಾಗಳ ಹಾಗೂ ಮಸೂರಗಳ ಕಥೆಯನ್ನು ಹೇಳುತ್ತಾರೆ. ಚಿತ್ರ ತೆಗೆದವರ ಸಾಹಸಗಳನ್ನು ವರ್ಣಿಸುತ್ತಾರೆ. ಕತ್ತಲೆಕೋಣೆಯ ತಟ್ಟೆಯಲ್ಲಿ ಚಿತ್ರದ ಜೊತೆಜೊತೆಗೇ ಮೂಡಿಬಂದ ಮಚ್ಚೆ, ಪಟ್ಟೆ, ಚುಕ್ಕೆಗಳ ಕಥೆಯನ್ನು ಹೇಳಿದವರು ವಿರಳ. ಚಿತ್ರವನ್ನು ನೋಡಿ ಸಂತೋಷಪಡುವವನಿಗೆ ಅವು ಬರಿಯ ದೋಷಗಳು. ಚಿತ್ರವನ್ನು ಸಾಕ್ಷ್ಯವೆಂದು ಓದುವವನಿಗಾದರೋ ಹಾಗಲ್ಲ. ಶಾಸನವನ್ನು ಛಾಯಾಚಿತ್ರದಿಂದ ಓದುವ ಸಂಶೋಧಕನಿಗೂ, ಕ್ಷಕಿರಣದ ಫಿಲ್ಮಿನಿಂದ ರೋಗವನ್ನು ಗುರುತಿಸುವ ವೈದ್ಯನಿಗೂ, ಕಣ್ಣೆದುರಿನ ಚುಕ್ಕೆಯು ಕಲ್ಲಿನದೋ, ದೇಹದ್ದೋ, ಅಥವಾ ತೊಳೆದ ತಟ್ಟೆಯದೋ ಎಂಬುದೇ ಮೊದಲ ಪ್ರಶ್ನೆ. ಹಳಗನ್ನಡ ಶಾಸನಗಳ ನೆರೆಯಲ್ಲಿಯೂ ಆಸ್ಪತ್ರೆಗಳ ನಡುವೆಯೂ ಇರುವ ಸಾಂಗಲಿ–ಮಿರಜದ ನಮಗೆ ಈ ಪ್ರಶ್ನೆ ದೂರದ್ದಲ್ಲ.

ಮಿರಜದಿಂದ ಪೂರ್ವಕ್ಕೆ ಹೊರಟು ಜತ್ತವನ್ನು ದಾಟಿದರೆ ಮುಂದೆ ವಿಜಾಪುರ. ಕನ್ನಡನಾಡಿನ ಕಟ್ಟಡಗಳ ದೊಡ್ಡ ಛಾಯಾಚಿತ್ರಗಳ ಕಥೆ ಅಲ್ಲಿಂದಲೇ ಆರಂಭವಾಗುತ್ತದೆಂದು ಹೇಳಬಹುದು. ೧೮೫೫ರಲ್ಲಿ ಮುಂಬಯಿ ಸರಕಾರವು ತನ್ನ ತೋಪಿನ ದಳದ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವನನ್ನು ವಿಜಾಪುರ, ಬಾದಾಮಿ, ಐಹೊಳೆ ಮೊದಲಾದೆಡೆಯ ಕಟ್ಟಡಗಳ ಚಿತ್ರ ತೆಗೆಯಲು ನಿಯಮಿಸಿತು. ಅದೇ ವರ್ಷದ ಕೊನೆಗೆ ಆತನನ್ನು ಮರಳಿ ಸೈನ್ಯದ ಕೆಲಸಕ್ಕೆ ಕರೆಯಿಸಿಕೊಂಡರು. ಬಳಿಕ ಆ ಹೊಣೆ ಡಾಕ್ಟರ್ ಪಿಗೂ ಎಂಬ ವೈದ್ಯನ ಪಾಲಿಗೆ ಬಂದಿತು. ಆತ ೧೮೫೮ರಲ್ಲಿ ತೀರಿಕೊಂಡ. ನೀಲ್ ಎಂಬ ಇನ್ನೊಬ್ಬ ವೈದ್ಯ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದ. ಇವರೆಲ್ಲರ ಶ್ರಮವು ೧೮೬೬ರಲ್ಲಿ ಲಂಡನ್ನಿನಲ್ಲಿ ದೊಡ್ಡ ಸಂಪುಟಗಳಾಗಿ ಹೊರಬಂದಿತು. ಅವಕ್ಕೆ ಚರಿತ್ರೆಯ ಭಾಗವನ್ನು ಬರೆದುಕೊಟ್ಟವನು ಸುರಪುರದಲ್ಲಿ ಆಡಳಿತ ನಡೆಸಿ ನಮ್ಮ ಜನರಿಗೆ ಪರಿಚಿತನಾದ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿಗಳು ಫರ್ಗುಸನ್ನನವು. ಇದೇ ಕಾಲದಲ್ಲಿ, ೧೮೫೬ರಲ್ಲಿ, ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪೆಯ ಹಾಳುಗಳಲ್ಲಿ ಕ್ಯಾಮರಾ ಹೂಡಿ ನಿಂತಿದ್ದ. ಅವನ ನೆಗೆಟಿವುಗಳ ಅಳತೆ ಸುಮಾರು ೧೬ ಅಂಗುಲ ಅಗಲ, ೧೮ ಅಂಗುಲ ಉದ್ದ. ಶಾಲೆಯ ಹುಡುಗರ ಪಾಟಿಗಿಂತ ಎಷ್ಟೋ ದೊಡ್ಡದು!

ಇಷ್ಟು ದೊಡ್ಡದೇಕೆ? ಆಗ ಸಣ್ಣ ನೆಗೆಟಿವಿನಿಂದ ದೊಡ್ಡ ಪ್ರತಿ ತೆಗೆಯುವ ಅನುಕೂಲವಿರಲಿಲ್ಲ. ನೆಗೆಟಿವನ್ನು ಲೇಪಿತ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ನೆಗೆಟಿವು ಎಷ್ಟೋ ಪ್ರತಿಯೂ ಅಷ್ಟೇ. ದೊಡ್ಡ ಚಿತ್ರ ಬೇಕಾದವನು ದೊಡ್ಡ ಕ್ಯಾಮರಾವನ್ನೇ ಹೊರಿಸಿಕೊಂಡು ಹೋಗಬೇಕು.

ಆ ನೆಗೆಟಿವುಗಳು ಗಾಜಿನವೂ ಅಲ್ಲ, ಫಿಲ್ಮಿನವೂ ಅಲ್ಲ, ಕಾಗದದವು. ಇಂಗ್ಲೆಂಡಿನ ಟಾಲ್ಬಟ್ ೧೮೪೧ರಲ್ಲಿ ಹಕ್ಕು ಪಡೆದ ಪದ್ಧತಿಯಂತೆ ಒಳ್ಳೆಯ ಬರೆವಣಿಗೆಯ ಕಾಗದಕ್ಕೆ ಬೆಳ್ಳಿಯ ಲವಣವನ್ನು ಹಚ್ಚಿ, ಬೆಳಕಿಗೊಡ್ಡಿ, ಬೆಳ್ಳಿ ಬೆರೆತ ಗ್ಯಾಲಿಕ್ ಆಮ್ಲದಲ್ಲಿ ಚಿತ್ರವನ್ನು ಮೂಡಿಸಿ, ಹೈಪೋದಲ್ಲಿ ನಿಲ್ಲಿಸಿ, ಕೊನೆಗೆ ಮೇಣ ಕುಡಿಸಿ ಪಾರದರ್ಶಕವನ್ನಾಗಿ ಮಾಡುತ್ತಿದ್ದರು. ಮೊದಲೇ ಮೇಣ ಕುಡಿಸುವ ಕ್ರಮವನ್ನು ಫ್ರಾನ್ಸಿನ ಲಗ್ರೇ ೧೮೫೧ರಲ್ಲಿ ಪ್ರಕಟಿಸಿದ. ಕಾಗದದ ಗುಣವೇನೆಂದರೆ ಅದು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ನೀರು ಕುಡಿಯದು. ಒಂದೆಡೆ ನಾರು ದಟ್ಟ, ಇನ್ನೊಂದೆಡೆ ತೆಳು. ಕಾಗದ ಮಾಡುವ ಯಂತ್ರದಿಂದ ಉದುರಿದ ಕಬ್ಬಿಣದ ಸಣ್ಣ ಕಣ ಒಳಗೆ ಸೇರಿದ್ದರೆ ಅಲ್ಲೊಂದು ಮಚ್ಚೆ ನಿಶ್ಚಿತ. ಕಲ್ಲುಗೋಡೆ, ಗಿಡಮರಗಳು ಇರುವ ಭಾಗದಲ್ಲಿ ಈ ಏರುಪೇರು ಮರೆಯಾಗುತ್ತಿತ್ತು. ಆಕಾಶದಲ್ಲಿ ಮಾತ್ರ ಎಲ್ಲವೂ ಬಯಲು! ಆದುದರಿಂದ ಅಂದಿನ ಛಾಯಾಗ್ರಾಹಕರಲ್ಲಿ ಅನೇಕರು ನೆಗೆಟಿವಿನ ಆಕಾಶಭಾಗಕ್ಕೆ ಹಿಂದಿನಿಂದ ಕಪ್ಪು ಮಸಿ ಬಳಿಯುತ್ತಿದ್ದರು. ಪ್ರತಿಯಲ್ಲಿ ಆಕಾಶ ಅಚ್ಚ ಬಿಳಿಯಾಗಿ ಬರುತ್ತಿತ್ತು. ಹಳೆಯ ಚಿತ್ರಗಳಲ್ಲಿ ನಮ್ಮ ನಾಡಿನ ಆಕಾಶದಲ್ಲಿ ಒಂದು ತುಣುಕು ಮೋಡವೂ ಕಾಣದಿರುವುದಕ್ಕೆ ಹವೆಯಷ್ಟೇ ಅಲ್ಲ, ಮಸಿಯ ಕುಂಚವೂ ಕಾರಣ. ೧೮೫೪ರ ಕೊನೆಯಲ್ಲಿ ಹಳೇಬೀಡಿನ ಚಿತ್ರ ತೆಗೆದ ಲಿನ್ನಿಯಸ್ ಟ್ರೈಪ್ ಎಂಬವನಂತೂ ತನ್ನ ನೆಗೆಟಿವುಗಳ ಮೇಲೆ ಮೋಡಗಳನ್ನೇ ಕುಂಚದಿಂದ ಬರೆಯುವುದರಲ್ಲಿ ಕುಶಲನಾಗಿದ್ದ.

ಮುಂದಿನ ಹೆಜ್ಜೆಗಳನ್ನು ಬೇಗನೆ ಹೇಳಿಬಿಡಬಹುದು. ೧೮೫೧ರಲ್ಲಿ ಆರ್ಚರ್ ಎಂಬವನು ಗಾಜಿನ ಮೇಲೆ ಕಲೋಡಿಯನ್ ಹರಿಸುವ ಕ್ರಮವನ್ನು ಪ್ರಕಟಿಸಿದ. ಲೇಪ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬೇಸಿಗೆಯಲ್ಲಿ ಅದೊಂದು ಓಟದ ಪಂದ್ಯವೇ ಸರಿ. ೧೮೭೧ರಲ್ಲಿ ಡಾಕ್ಟರ್ ಮ್ಯಾಡಕ್ಸ್ ಜೆಲಟಿನ್ ಲೇಪದ ಒಣ ಪ್ಲೇಟಿನ ದಾರಿ ತೋರಿಸಿದ. ೧೮೮೮ರಲ್ಲಿ ಅಮೇರಿಕೆಯ ಕಾರ್ಬಟ್ ಗಾಜಿನ ಬದಲು ಸೆಲ್ಯುಲಾಯಿಡ್ ಹಾಳೆಗೆ ಆ ಲೇಪವನ್ನು ಹಚ್ಚಿದ. ಅದೇ ಶೀಟ್ ಫಿಲ್ಮಿನ ಮೂಲ. ೧೯೧೩ರಲ್ಲಿ ಈಸ್ಟ್‌ಮನ್ ಕಂಪನಿಯು ಭಾವಚಿತ್ರದವರಿಗೆಂದೇ ಇಂಥ ಫಿಲ್ಮನ್ನು ಮಾರಾಟಕ್ಕೆ ತಂದ ಮೇಲೆ ಸ್ಟುಡಿಯೋಗಳಲ್ಲಿ ಗಾಜಿನ ಪ್ಲೇಟುಗಳು ಮೆಲ್ಲಮೆಲ್ಲನೆ ಹಿಂದೆ ಸರಿದವು.

ಲೇಪ ಬದಲಾಯಿತು, ಆಧಾರ ಬದಲಾಯಿತು. ಕಲೆಗಳು ಮಾತ್ರ ಬಿಡಲಿಲ್ಲ. ಇದರ ಕಾರಣವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ಬಟ್ಟೆಗೆ ಬಣ್ಣ ಹಾಕುವವರನ್ನು ಕಂಡವರಿಗೆ ಇದು ಕಠಿಣವಲ್ಲ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಬಿಡಿಸಿ, ಒಮ್ಮೆಲೇ ಬಣ್ಣದಲ್ಲಿ ಮುಳುಗಿಸಿ ತಿರುವುತ್ತ ಇರಬೇಕು. ಮಡಿಕೆಯಲ್ಲಿ ಗಾಳಿ ಉಳಿದರೆ ಅಲ್ಲಿ ಬಿಳಿ, ತಳದಲ್ಲಿ ಬಿದ್ದಿದ್ದರೆ ಅಲ್ಲಿ ಗಾಢ. ಫಿಲ್ಮಿನದೂ ಇದೇ ಕಥೆ. ಡೆವಲಪ್ ಮಾಡುವುದೆಂದರೆ, ನಮ್ಮ ಸ್ಟುಡಿಯೋದವರ ಮಾತಿನಲ್ಲಿ ತೊಳೆಯುವುದೆಂದರೆ, ಬೆಳಕು ತಗುಲಿದ ಬೆಳ್ಳಿಯ ಲವಣವನ್ನು ದ್ರಾವಣವು ಕಪ್ಪು ಬೆಳ್ಳಿಯನ್ನಾಗಿ ಮಾಡುವ ಕ್ರಿಯೆ. ದ್ರಾವಣವು ಫಿಲ್ಮಿನ ಎಲ್ಲ ಭಾಗಗಳನ್ನೂ ಒಂದೇ ಕ್ಷಣದಲ್ಲಿ ಮುಟ್ಟಬೇಕು, ಒಂದೇ ಬಲದಲ್ಲಿ ಉಳಿಯಬೇಕು, ಒಂದೇ ವೇಗದಲ್ಲಿ ಹೊಸದಾಗುತ್ತಿರಬೇಕು. ಸಣ್ಣ ಫಿಲ್ಮಿನಲ್ಲಿ ಇದು ಸುಲಭ; ಹಾಳೆ ದೊಡ್ಡದಾದಷ್ಟೂ ಒಂದು ತುದಿಗೂ ಇನ್ನೊಂದು ತುದಿಗೂ ನಡುವಿನ ಅಂತರ ತೊಂದರೆ ಕೊಡುತ್ತದೆ.

ಮೊದಲ ಶತ್ರು ಗಾಳಿಯ ಗುಳ್ಳೆ. ಒಣಗಿದ ಫಿಲ್ಮನ್ನು ದ್ರಾವಣಕ್ಕೆ ಬಿಟ್ಟಾಗ ಅದಕ್ಕೆ ಅಂಟಿಕೊಂಡ ಗುಳ್ಳೆಯ ಕೆಳಗೆ ದ್ರಾವಣ ಹೋಗದು. ನೆಗೆಟಿವಿನಲ್ಲಿ ಅಲ್ಲೊಂದು ತಿಳಿಯಾದ, ಅಂಚು ಸ್ಪಷ್ಟವಾದ ದುಂಡು ಚುಕ್ಕೆ ಉಳಿಯುತ್ತದೆ. ಪ್ರತಿಯಲ್ಲಿ ಅದು ಕಪ್ಪಾಗಿ ಬರುತ್ತದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಇದರ ಕೆಲಸವಿದೆ.

ಎರಡನೆಯದು ಹೊತ್ತು. ಫಿಲ್ಮಿನ ಒಂದಂಚು ದ್ರಾವಣವನ್ನು ಮುಟ್ಟಿದ ೧೦ ಸೆಕೆಂಡಿನ ಮೇಲೆ ಇನ್ನೊಂದಂಚು ಮುಟ್ಟಿತೆನ್ನೋಣ. ಒಟ್ಟು ತೊಳೆಯುವ ಕಾಲ ೪ ಮಿನಿಟು, ಅಂದರೆ ೨೪೦ ಸೆಕೆಂಡು ಆಗಿದ್ದರೆ ವ್ಯತ್ಯಾಸ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ದ್ರಾವಣವನ್ನು ತೆಳುವಾಗಿಸಿ ೧೨ ಮಿನಿಟು ತೊಳೆದರೆ ಅದೇ ೧೦ ಸೆಕೆಂಡು ಎಪ್ಪತ್ತೆರಡರಲ್ಲಿ ಒಂದು ಪಾಲಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಐದು ಮಿನಿಟಿಗಿಂತ ಕಡಿಮೆ ಹೊತ್ತಿನಲ್ಲಿ ತೊಳೆಯಬಾರದೆಂದು ಅನುಭವಿಗಳು ಹೇಳುವುದರ ಲೆಕ್ಕ ಇಷ್ಟೇ. ನಮ್ಮ ಭಾಗದ ಸೆಕೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಸೂತ್ರಗಳೆಲ್ಲ ಸಾಮಾನ್ಯವಾಗಿ ೨೦ ಡಿಗ್ರಿಯ ನೀರಿಗೆ ಬರೆದವು. ಚೈತ್ರ ವೈಶಾಖಗಳಲ್ಲಿ ಕೃಷ್ಣೆಯ ದಂಡೆಯ ಊರುಗಳಲ್ಲಿ ಹಾಗೇ ಇಟ್ಟ ನೀರು ಅಷ್ಟು ತಣ್ಣಗೆ ಎಲ್ಲಿಂದ ಇರಬೇಕು? ಬೆಚ್ಚನೆಯ ದ್ರಾವಣವು ಅವಸರದಿಂದ ಕೆಲಸ ಮಾಡುತ್ತದೆ, ಅವಸರದಲ್ಲಿ ಏರುಪೇರು ಹೆಚ್ಚು. ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ. ಉಷ್ಣದೇಶಗಳ ಸೂತ್ರಗಳಲ್ಲಿ ಸೋಡಿಯಂ ಸಲ್ಫೇಟನ್ನು ಸೇರಿಸುತ್ತಿದ್ದುದು ಆ ಉಬ್ಬುವಿಕೆಯನ್ನು ತಡೆಯುವುದಕ್ಕಾಗಿ. ಇಲ್ಲವಾದರೆ ತಟ್ಟೆಯನ್ನು ಇನ್ನೊಂದು ದೊಡ್ಡ ತಟ್ಟೆಯ ಹಿಮದ ನೀರಿನಲ್ಲಿ ಇಡಬೇಕು.

ಮೂರನೆಯದು ಅಲುಗಾಟ. ಇದರಲ್ಲಿ ಅತಿಯೂ ದೋಷ, ಕೊರತೆಯೂ ದೋಷ. ಅಲುಗಿಸದೆ ಬಿಟ್ಟರೆ, ಹೆಚ್ಚು ಬೆಳಕು ಬಿದ್ದ ಭಾಗದಲ್ಲಿ ಹುಟ್ಟಿದ ಬ್ರೋಮೈಡು ದ್ರಾವಣಕ್ಕಿಂತ ಭಾರವಾದುದರಿಂದ ನಿಂತ ಫಿಲ್ಮಿನ ಮೇಲೆ ಕೆಳಗೆ ಇಳಿಯುತ್ತದೆ. ಇಳಿದ ದಾರಿಯಲ್ಲಿ ಡೆವಲಪರಿನ ಕೆಲಸವನ್ನು ತಡೆಯುತ್ತದೆ. ಪ್ರತಿಯಲ್ಲಿ ಬಿಳಿಯ ವಸ್ತುವೊಂದರಿಂದ ಕಪ್ಪು ನೀರು ಸೋರಿದಂತೆ ಪಟ್ಟೆ ಕಾಣುತ್ತದೆ. ಅತಿಯಾಗಿ ಅಲುಗಿಸಿದರೆ ಬೇರೆ ಬಗೆ. ಒಂದೇ ದಿಕ್ಕಿಗೆ ತೂಗಿದ ತಟ್ಟೆಯಲ್ಲಿ ಅಂಚಿಗೆ ಬಡಿದು ಮರಳುವ ಅಲೆಗಳಿಂದ ಫಿಲ್ಮಿನ ಅಂಚುಗಳು ಗಾಢವಾಗುತ್ತವೆ. ತೊಟ್ಟಿಯಲ್ಲಿ ತೂಗುಹಾಕುವ ಹ್ಯಾಂಗರಿನ ಚೌಕಟ್ಟಿನಲ್ಲಿ ತೂತುಗಳಿರುತ್ತವೆ. ಅದನ್ನು ರಭಸದಿಂದ ಎತ್ತಿ ಇಳಿಸಿದರೆ ಆ ತೂತುಗಳಿಂದ ದ್ರಾವಣ ಚಿಮ್ಮಿ, ಅಂಚಿನಿಂದ ಒಳಗೆ ಸಮಾನ ಅಂತರದ ಪಟ್ಟೆಗಳು ಏಳುತ್ತವೆ, ಬಾಚಣಿಗೆಯ ಹಲ್ಲುಗಳ ಹಾಗೆ. ಮೆಲ್ಲಗೆ ಪೂರ್ತಿ ಎತ್ತಿ, ಒಂದು ಮೂಲೆಗೆ ವಾಲಿಸಿ ಸೋರಗೊಟ್ಟು ಇಳಿಸಿ, ಮುಂದಿನ ಸಲ ಇನ್ನೊಂದು ಮೂಲೆಗೆ ವಾಲಿಸುವುದು ಇದಕ್ಕೆ ರೂಢಿಯ ಉಪಾಯ.

ತೊಳೆಯುವ ಮೊದಲು ಬರಿ ನೀರಿನಲ್ಲಿ ನೆನೆಸಬೇಕೇ ಬೇಡವೇ ಎಂಬುದರಲ್ಲಿ ಪಂಡಿತರಲ್ಲಿಯೇ ಒಮ್ಮತವಿಲ್ಲ. ಲೇಪದಲ್ಲಿಯೇ ನೀರು ಬೇಗ ಹರಡಲು ಬೇಕಾದ ವಸ್ತುವಿರುವುದರಿಂದ ನೆನೆಸಬೇಡಿರೆಂದು ಕೆಲವು ತಯಾರಕರು ಹೇಳುತ್ತಾರೆ. ತಟ್ಟೆಯಲ್ಲಿ ಹಲವು ಹಾಳೆಗಳನ್ನು ಒಂದರ ಕೆಳಗೊಂದು ಸರಿಸುತ್ತ ತೊಳೆಯುವವನಾದರೆ ನೆನೆಸುವುದೇ ಲೇಸೆಂದು ನನಗೆ ತೋರುತ್ತದೆ. ಒಣ ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಕಲೆ ಕಂಡಾಗ ಅದರ ಮೂಲವನ್ನು ಹುಡುಕುವ ಬಗೆಯಲ್ಲಿ ಒಂದು ತರ್ಕವಿದೆ. ಅದು ಗಣಿತ ಕಲಿಸುವವರಿಗೆ ಮೆಚ್ಚಿಗೆಯಾಗುವಂಥದು. ಫಿಲ್ಮಿನ ಅಂಚನ್ನು ಹೋಲ್ಡರಿನ ತುಟಿಯು ಮುಚ್ಚಿರುತ್ತದೆ. ಆದುದರಿಂದ ನೆಗೆಟಿವಿನ ಸುತ್ತಲೂ ಒಂದು ಕಿರಿದಾದ ತಿಳಿ ಅಂಚು ಉಳಿಯಬೇಕು. ಬೆಳಕೇ ಬೀಳದ ಅಲ್ಲಿ ಏರುಪೇರಾಗಿ ತೊಳೆಯಲು ಏನೂ ಇಲ್ಲ. ಕಪ್ಪು ಮಚ್ಚೆಯು ಆ ತಿಳಿ ಅಂಚಿನವರೆಗೂ ಹಬ್ಬಿದ್ದರೆ ಅಪರಾಧಿ ಅಲುಗಾಟವಲ್ಲ, ಹೋಲ್ಡರಿನೊಳಗೋ ಕತ್ತಲೆಕೋಣೆಯಲ್ಲೋ ಸೋರಿದ ಬೆಳಕು. ಮಚ್ಚೆಯು ತಿಳಿ ಅಂಚಿಗೆ ಬಂದು ಗೀಟು ಎಳೆದಂತೆ ನಿಂತಿದ್ದರೆ, ಅದು ಕ್ಯಾಮರಾದೊಳಗಿನ ಬೆಳಕು ಆಗಿರಬಹುದು, ಇಲ್ಲವೆ ತೊಳೆಯುವಿಕೆಯ ದೋಷ. ಆ ಎರಡರೊಳಗೆ ಯಾವುದೆಂದು ತಿಳಿಯಲು ಬಿಳಿಯ ಗೋಡೆಯೊಂದನ್ನು ಚಿತ್ರಿಸಿ, ಎರಡು ಹಾಳೆಗಳನ್ನು ಬೇರೆ ಬೇರೆ ರೀತಿಯಲ್ಲಿ, ಒಂದನ್ನು ತಟ್ಟೆಯಲ್ಲಿ ಇನ್ನೊಂದನ್ನು ತೊಟ್ಟಿಯಲ್ಲಿ ತೊಳೆಯಬೇಕು. ಕಲೆ ಸ್ಥಳ ಬದಲಿಸಿದರೆ ತೊಳೆಯುವಿಕೆಯದು, ಬದಲಿಸದಿದ್ದರೆ ಕ್ಯಾಮರಾದ್ದು. ಗುಡಿಯ ಗೋಡೆಯ ಮೇಲೆ ಮಳೆನೀರು ಇಳಿದ ಗುರುತಿಗೂ ಬ್ರೋಮೈಡಿನ ಪಟ್ಟೆಗೂ ವ್ಯತ್ಯಾಸ ಹಿಡಿಯಲು ಇನ್ನೊಂದು ಉಪಾಯವಿದೆ. ಮಳೆ ಗೋಡೆಯ ಮೇಲಿನಿಂದ ಕೆಳಗೆ ಇಳಿಯುತ್ತದೆ. ಬ್ರೋಮೈಡು ತೊಟ್ಟಿಯ ಮೇಲಿನಿಂದ ಕೆಳಗೆ ಇಳಿಯುತ್ತದೆ. ಫಿಲ್ಮನ್ನು ಅಡ್ಡಲಾಗಿ ತೂಗುಹಾಕಿದ್ದರೆ ಪಟ್ಟೆಯು ಗೋಡೆಗೆ ಅಡ್ಡಲಾಗಿ ಹರಿದಿರುತ್ತದೆ, ಯಾವ ಮಳೆಯೂ ಹಾಗೆ ಹರಿಯದು.

ಈಗ ಗುಳ್ಳೆಯ ಮಾತಿಗೆ ಮರಳೋಣ. ಕನ್ನಡ ಶಾಸನಗಳ ಅಧ್ಯಯನವು ಆರಂಭದ ಕಾಲದಲ್ಲಿ ಛಾಯಾಚಿತ್ರದ ಮೇಲೆ ಬಹುಮಟ್ಟಿಗೆ ನಿಂತಿತ್ತು. ಮೈಸೂರಿನ ಕಮಿಷನರ್ ಬೌರಿಂಗನ ಕಾಲದಲ್ಲಿ, ೧೮೬೫ರಲ್ಲಿ, ಮೇಜರ್ ಡಿಕ್ಸನ್ ಶಾಸನಗಳ ಛಾಯಾಪ್ರತಿಗಳನ್ನು ತೆಗೆದ. ಅವುಗಳನ್ನು ಓದಿ ಅನುವಾದಿಸುವ ಕೆಲಸ ಬಿ. ಎಲ್. ರೈಸ್ ಅವರಿಗೆ ಬಂದು, ೧೮೭೯ರಲ್ಲಿ ಅವರ ಮೈಸೂರು ಶಾಸನಗಳ ಗ್ರಂಥ ಹೊರಬಂದಿತು. ಪಿಗೂ ಹಾಗೂ ಬಿಗ್ಸ್ ತೆಗೆದ ಧಾರವಾಡ ಮೈಸೂರು ಸೀಮೆಯ ಶಾಸನಗಳ ಚಿತ್ರಸಂಗ್ರಹ ೧೮೬೬ರದು. ಫ್ಲೀಟ್ ೧೮೭೮ರಲ್ಲಿ ಪಾಲಿ, ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳ ದೊಡ್ಡ ಸಂಗ್ರಹವನ್ನು ಸಿದ್ಧಪಡಿಸಿದ. ಇದೇ ಫ್ಲೀಟ್ ಮುಂದೆ ತೇರದಾಳದ ಶಾಸನವನ್ನು ಪ್ರಕಟಿಸಿದಾಗ ಆ ಊರು ಸಾಂಗಲಿ ಸಂಸ್ಥಾನದಲ್ಲಿತ್ತು; ಇಂದು ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಮಿರಜದಲ್ಲಿ ದೊರೆತ ಚಾಲುಕ್ಯ ಜಯಸಿಂಹನ ತಾಮ್ರಪಟವನ್ನೂ, ಶಕೆ ೯೪೬ರದು, ಅವನು ಪ್ರಕಟಿಸಿದ.

ಐದು ಅಡಿ ಎತ್ತರದ ಶಿಲೆಯೊಂದು ನೆಗೆಟಿವಿನಲ್ಲಿ ೧೦ ಅಂಗುಲವಾಗಿ ಬಂದಿತೆನ್ನೋಣ, ಆರಕ್ಕೆ ಒಂದು. ಅಂಗುಲದೆತ್ತರದ ಅಕ್ಷರವು ಸುಮಾರು ೪ ಮಿಲಿಮೀಟರು ಆಗುತ್ತದೆ. ಅದರ ಪಕ್ಕದ ಸೊನ್ನೆಯು ಒಂದು ಮಿಲಿಮೀಟರು. ಫಿಲ್ಮಿಗೆ ಅಂಟುವ ಸಾಮಾನ್ಯ ಗುಳ್ಳೆಯ ಗಾತ್ರವೂ ಅಷ್ಟೇ! ಓರೆ ಬಿಸಿಲಿನಲ್ಲಿ ಕೆತ್ತನೆಯ ತಗ್ಗು ನೆರಳಾಗಿ ಪ್ರತಿಯಲ್ಲಿ ಕಪ್ಪಾಗುತ್ತದೆ. ಗುಳ್ಳೆಯೂ ಪ್ರತಿಯಲ್ಲಿ ಕಪ್ಪೇ, ದುಂಡೇ. ಅಕ್ಷರದ ಬಲಗಡೆ ಅದು ಕುಳಿತರೆ ಕದವು ಕಂದವಾಗುತ್ತದೆ, ಗಡಿಯು ಗಂಡಿಯಾಗುತ್ತದೆ. ಶಿಲಾಹಾರರ ಕಾಲದ ಶಾಸನಗಳಲ್ಲಿ ನಮ್ಮ ಮಿರಜದ ಹೆಸರು ಮಿರಿಂಜೆ. ಸೊನ್ನೆಯಿಟ್ಟು ಬರೆದ ಆ ಹೆಸರು ಒಂದು ಚುಕ್ಕೆಯ ಮೇಲೆ ನಿಂತಿದೆಯೆಂಬುದನ್ನು ನೆನೆದರೆ ಈ ವಿಷಯ ಬರಿಯ ಕತ್ತಲೆಕೋಣೆಯದಲ್ಲವೆಂದು ತಿಳಿಯುತ್ತದೆ. ಓದಲು ಅನುಕೂಲವಾಗಲೆಂದು ಅಕ್ಷರಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬಿದಾಗ ಅಪಾಯ ತಿರುಗುಮುರುಗು: ಅಲ್ಲಿ ಅಕ್ಷರ ಬಿಳಿ, ಪ್ರತಿ ತೆಗೆಯುವಾಗ ನೆಗೆಟಿವಿನ ಮೇಲೆ ಕುಳಿತ ಧೂಳಿನ ಕಣವೂ ಬಿಳಿ. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿಯೊತ್ತಿ ಪಡಿಯಚ್ಚು ತೆಗೆಯುವುದನ್ನೇ ಹೆಚ್ಚು ನಂಬಿದ್ದಕ್ಕೆ ಇದೂ ಒಂದು ಸಮರ್ಥನೆಯಾದೀತು. ಅಲ್ಲಿ ಕಾಗದವು ಕಲ್ಲಿನ ತಗ್ಗನ್ನು ಮೈಮುಟ್ಟಿ ಬಂದಿರುತ್ತದೆ. ಛಾಯಾಚಿತ್ರವನ್ನೇ ನಂಬಬೇಕಾದವನಿಗೆ ಉಪಾಯ ಒಂದೇ. ಒಂದೇ ಶಿಲೆಯ ಎರಡು ನೆಗೆಟಿವುಗಳನ್ನು ತೆಗೆದು ಬೇರೆ ಬೇರೆಯಾಗಿ ತೊಳೆಯಬೇಕು. ಕೆತ್ತಿದ ಸೊನ್ನೆ ಎರಡರಲ್ಲಿಯೂ ಇರುತ್ತದೆ. ಗುಳ್ಳೆ ಎರಡು ಸಲ ಒಂದೇ ಸ್ಥಳದಲ್ಲಿ ಕೂಡುವುದಿಲ್ಲ.

ವೈದ್ಯರೂ ಇದೇ ಉಪಾಯಕ್ಕೆ ಬಂದರು. ಡಾಕ್ಟರ್ ವಾನ್‌ಲೆಸ್ ಅವರ ಆಸ್ಪತ್ರೆ ಮಿರಜದಲ್ಲಿ ೧೮೯೪ರಲ್ಲಿ ತೆರೆಯಿತು. ಅದರ ಮರುವರ್ಷವೇ ಜರ್ಮನಿಯಲ್ಲಿ ರಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದ. ಮೊದಲು ಗಾಜಿನ ಪ್ಲೇಟುಗಳ ಮೇಲೆಯೇ ಆ ಚಿತ್ರಗಳು ಮೂಡುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಗಾಜು ಬರುವುದು ನಿಂತ ಮೇಲೆ ಫಿಲ್ಮಿಗೆ ಮಹತ್ವ ಬಂದು, ೧೯೧೮ರಲ್ಲಿ ಎರಡೂ ಮಗ್ಗುಲಿಗೆ ಲೇಪವಿದ್ದ ಹಾಳೆ ಬಂದಿತು. ಎದೆಯ ಚಿತ್ರದ ಹಾಳೆ ೧೪ ಅಂಗುಲ ಅಗಲ ೧೭ ಅಂಗುಲ ಉದ್ದ: ಗ್ರೀನ್‌ಲಾನ ಕಾಗದಕ್ಕೆ ಹತ್ತಿರ ಹತ್ತಿರ. ಯಂತ್ರಗಳು ಬರುವ ಮುಂಚೆ ಎಲ್ಲ ಆಸ್ಪತ್ರೆಗಳ ಕತ್ತಲೆಕೋಣೆಗಳಲ್ಲಿಯೂ ಹ್ಯಾಂಗರು, ತೊಟ್ಟಿ, ಕೈ ಇವುಗಳಿಂದಲೇ ಅದರ ಕೆಲಸ. ಇಲ್ಲಿ ವೈದ್ಯನು ನೋಡುವುದು ನೆಗೆಟಿವನ್ನೇ ಹೊರತು ಪ್ರತಿಯನ್ನಲ್ಲ. ಆದುದರಿಂದ ಗುಳ್ಳೆಯು ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಮೂತ್ರಪಿಂಡದ ಕಲ್ಲೂ ಅದೇ ಫಿಲ್ಮಿನಲ್ಲಿ ಬಿಳಿ! ತೊಳೆಯುವ ಮೊದಲು ಬಿದ್ದ ಡೆವಲಪರಿನ ಹನಿ ಕಪ್ಪು ಮಚ್ಚೆಯಾಗುತ್ತದೆ, ಹೈಪೋದ ಹನಿ ಬಿಳಿ ಮಚ್ಚೆಯಾಗುತ್ತದೆ. ಒಣ ಹವೆಯಲ್ಲಿ ಫಿಲ್ಮನ್ನು ಸರಕ್ಕನೆ ಎಳೆದರೆ ವಿದ್ಯುತ್ತಿನ ಕಿಡಿಯಿಂದ ಎಲೆ ಉದುರಿದ ಗಿಡದಂಥ ಗುರುತು ಮೂಡುತ್ತದೆ. ಶಂಕೆ ಬಂದಾಗ ಇನ್ನೊಂದು ಫಿಲ್ಮು ತೆಗೆಯಿರೆಂದು ಹೇಳುವ ವೈದ್ಯನು ರೋಗಿಯ ಹಣವನ್ನು ಹಾಳುಮಾಡುತ್ತಿದ್ದಾನೆಂದು ಮನೆಯವರು ತಿಳಿಯುವುದುಂಟು. ಚಾಕು ಹಾಕುವ ಮುನ್ನ ಆ ಒಂದು ಹಾಳೆಯ ಬೆಲೆ ಎಷ್ಟೆಂಬುದನ್ನು ಅವರಿಗೆ ಹೇಳುವವರಿರುವುದಿಲ್ಲ. ವಾನ್‌ಲೆಸ್‌ವಾಡಿಯಂಥ ಕ್ಷಯರೋಗದ ಆರೋಗ್ಯಧಾಮಗಳಿದ್ದ ಕಾಲದಲ್ಲಿ ಪುಪ್ಪುಸದ ಮೇಲಿನ ಒಂದು ಮಚ್ಚೆಯೆಂದರೆ ಮನುಷ್ಯನ ವರ್ಷಗಳ ಪ್ರಶ್ನೆಯಾಗಿತ್ತು.

೧೯೫೬ರಲ್ಲಿ ಕೊಡಾಕ್ ಕಂಪನಿಯ ಉರುಳೆಯ ಯಂತ್ರ ಬಂದು ಕೈಯ ಏರುಪೇರನ್ನು ತೆಗೆದುಹಾಕಿತು. ಬದಲಿಗೆ ಉರುಳೆಯ ಗೀಟುಗಳನ್ನು ಕೊಟ್ಟಿತು. ನಮ್ಮ ದೇಶದಲ್ಲಿಯೇ ಫಿಲ್ಮು ತಯಾರಿಸಬೇಕೆಂದು ೧೯೬೦ರಲ್ಲಿ ಸ್ಥಾಪಿಸಿದ ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರಖಾನೆಯು ೧೯೬೭ರಿಂದ ಕೆಲಸ ನಡೆಸಿ, ಕ್ಷಕಿರಣದ ಫಿಲ್ಮನ್ನೂ ಮಾಡಿ, ಕಡೆಗೆ ಮುಚ್ಚಿಹೋಯಿತು. ಇಂದು ಹೆಚ್ಚಿನ ಆಸ್ಪತ್ರೆಗಳಲ್ಲಿ ತೊಟ್ಟಿಯೂ ಇಲ್ಲ, ಹ್ಯಾಂಗರೂ ಇಲ್ಲ. ದೊಡ್ಡ ಶೀಟ್ ಫಿಲ್ಮನ್ನು ಕೈಯಿಂದ ತೊಳೆಯುವವರು ಅಲ್ಲಲ್ಲಿ ಕೆಲವು ಹವ್ಯಾಸಿಗಳು ಮಾತ್ರ.

ಹಂಪೆಯ ಗ್ರೀನ್‌ಲಾನ ನೆಗೆಟಿವುಗಳು ನೂರಕ್ಕೂ ಹೆಚ್ಚು ವರ್ಷ ಮರೆಯಾಗಿದ್ದು, ೧೯೮೦ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಸುಮಾರು ಅರವತ್ತು ಹಾಳೆಗಳು. ಆ ದಶಕದಲ್ಲಿಯೇ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ದಿಕ್ಕಿಗೆ ಕ್ಯಾಮರಾ ಹೂಡಿ, ಅದೇ ದೃಶ್ಯಗಳನ್ನು ಮತ್ತೆ ತೆಗೆದ. ಒಂದು ಶತಮಾನಕ್ಕೂ ಮಿಕ್ಕಿದ ಅಂತರದಲ್ಲಿ ಒಂದೇ ಶಿಲೆಯ ಎರಡನೆಯ ನೆಗೆಟಿವು ಹೀಗೆ ದೊರೆತಂತಾಯಿತು. ಅವೆರಡನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡುವವನು ಬಿದ್ದುಹೋದ ಕಂಬ ಯಾವುದು, ಹೊಸದಾಗಿ ಎತ್ತಿ ನಿಲ್ಲಿಸಿದ ಗೋಡೆ ಯಾವುದು ಎಂದು ಗುರುತಿಸುತ್ತ ಹೋಗಬಹುದು. ಎರಡರಲ್ಲಿಯೂ ಇರುವ ಬಿರುಕು ಕಲ್ಲಿನದು. ಕಲ್ಲು ಹಾಗೇ ಇದ್ದರೂ ಹಳೆಯದರಲ್ಲಿ ಮಾತ್ರ ಕಾಣುವ ಮಚ್ಚೆ ಗ್ರೀನ್‌ಲಾನ ಕಾಗದದ್ದು.